ಹೀಟ್ ಪಂಪ್ ಇರುವ ಮನೆಯಲ್ಲಿ ಒಂದು ಡಿಗ್ರಿಯ ಲೆಕ್ಕ

ಪ್ರಶ್ನೆ: ಹಳೆಯ ಗ್ಯಾಸ್ ಬಾಯ್ಲರ್ ತೆಗೆಸಿ, ಹೊರಗಿನ ಗಾಳಿಯಿಂದ ಶಾಖ ಎಳೆದುಕೊಳ್ಳುವ ಹೀಟ್ ಪಂಪ್ ಹಾಕಿಸಿದ್ದೇವೆ. ರೇಡಿಯೇಟರುಗಳು ಮೊದಲಿನವೇ. ಹಗಲಿನಲ್ಲಿ 22 ಡಿಗ್ರಿ, ರಾತ್ರಿ ಮಲಗುವಾಗ 17 ಡಿಗ್ರಿಗೆ ಇಡುತ್ತೇವೆ. ಬಳಕೆಯಿಲ್ಲದ ಎರಡು ಕೋಣೆಗಳ ರೇಡಿಯೇಟರುಗಳನ್ನು ಮುಚ್ಚಿದ್ದೇವೆ. ಇಷ್ಟೆಲ್ಲ ಮಾಡಿದರೂ ಚಳಿಗಾಲದ ವಿದ್ಯುತ್ ಬಳಕೆ ನಾವು ಎಣಿಸಿದಷ್ಟು ಇಳಿದಿಲ್ಲ. ಒಂದು ಡಿಗ್ರಿ ಕಡಿಮೆ ಮಾಡಿದರೆ ನಿಜವಾಗಿ ಎಷ್ಟು ಉಳಿಯುತ್ತದೆ? ರಾತ್ರಿ ಇಳಿಸುವುದು ಒಳ್ಳೆಯದೋ, ದಿನವಿಡೀ ಒಂದೇ ಮಟ್ಟದಲ್ಲಿ ಬಿಡುವುದು ಒಳ್ಳೆಯದೋ? ಬೇಸಿಗೆಯಲ್ಲಿ ಎಸಿ ಹಾಕಿದಾಗಲೂ ಇದೇ ಲೆಕ್ಕವೇ?

ಉತ್ತರ: ನೀವು ಕೇಳಿದ ಮೊದಲ ಎರಡು ಪ್ರಶ್ನೆಗಳೂ ಕೋಣೆಯ ತಾಪಮಾನದ ಸುತ್ತಲೇ ಇವೆ. ಆದರೆ ನಿಮ್ಮ ಮೀಟರನ್ನು ಹೆಚ್ಚು ಓಡಿಸುತ್ತಿರುವುದು ರೇಡಿಯೇಟರುಗಳಲ್ಲಿ ಹರಿಯುವ ನೀರಿನ ತಾಪಮಾನವಿರಬೇಕು ಎಂಬುದು ನನ್ನ ಅಂದಾಜು. ನೀವು ಮಿತವ್ಯಯಕ್ಕೆಂದು ಕೈಗೊಂಡ ಎರಡು ಕ್ರಮಗಳೂ, ಎಂದರೆ ರಾತ್ರಿ ಐದು ಡಿಗ್ರಿ ಇಳಿಸುವುದು ಮತ್ತು ಕೋಣೆಗಳನ್ನು ಮುಚ್ಚುವುದು, ಆ ನೀರನ್ನು ಇನ್ನಷ್ಟು ಬಿಸಿ ಮಾಡುವಂತೆ ಯಂತ್ರವನ್ನು ಒತ್ತಾಯಿಸುತ್ತವೆ. ಬಾಯ್ಲರ್ ಇದ್ದಾಗ ಇದರಿಂದ ದೊಡ್ಡ ನಷ್ಟವೇನೂ ಆಗುತ್ತಿರಲಿಲ್ಲ. ಹೀಟ್ ಪಂಪಿಗೆ ಆಗುತ್ತದೆ. ಏಕೆಂಬುದನ್ನು ಅಂಕಿಗಳ ಸಮೇತ ನೋಡೋಣ.

ಮೊದಲು ಒಂದು ಡಿಗ್ರಿಯ ಬೆಲೆ. ಮನೆಯಿಂದ ಹೊರಗೆ ಸೋರಿಹೋಗುವ ಶಾಖವು ಒಳಗಿನ ಮತ್ತು ಹೊರಗಿನ ತಾಪಮಾನಗಳ ಅಂತರಕ್ಕೆ ಅನುಗುಣವಾಗಿರುತ್ತದೆ. ಉದಾಹರಣೆಗೆ, ಅಂತರ ಒಂದು ಡಿಗ್ರಿ ಹೆಚ್ಚಿದಂತೆಲ್ಲ 200 ವ್ಯಾಟ್ ಶಾಖ ಹೆಚ್ಚಾಗಿ ಸೋರುವ ಮನೆಯೊಂದನ್ನು ತೆಗೆದುಕೊಳ್ಳೋಣ. ಗೋಡೆ, ಕಿಟಕಿಗಳು ಸುಮಾರಾಗಿರುವ ಮಧ್ಯಮ ಗಾತ್ರದ ಮನೆಗೆ ಇದು ಅಸಹಜ ಸಂಖ್ಯೆಯಲ್ಲ. ಹೊರಗೆ ಸೊನ್ನೆ, ಒಳಗೆ 20 ಡಿಗ್ರಿ ಇದ್ದರೆ 4 ಕಿಲೋವ್ಯಾಟ್ ಸೋರುತ್ತದೆ, ಅಂದರೆ ದಿನಕ್ಕೆ 96 ಯೂನಿಟ್ ಶಾಖ. ಒಳಗೆ ಒಂದು ಡಿಗ್ರಿ ಇಳಿಸಿದರೆ ದಿನಕ್ಕೆ 4.8 ಯೂನಿಟ್ ಶಾಖ ಉಳಿಯುತ್ತದೆ, ಅಂದರೆ ಶೇಕಡಾ 5. ಮನೆಯಲ್ಲಿರುವ ಜನ, ಅಡುಗೆ, ಫ್ರಿಜ್, ಕಿಟಕಿಯಿಂದ ಬರುವ ಬಿಸಿಲು ಇವೆಲ್ಲ ಸೇರಿ ಮೂರು ಡಿಗ್ರಿಯಷ್ಟನ್ನು ಬಿಟ್ಟಿಯಾಗಿ ಕೊಡುತ್ತವೆ ಎಂದಿಟ್ಟುಕೊಂಡರೆ, ಯಂತ್ರ ತುಂಬಬೇಕಾದದ್ದು 17 ಡಿಗ್ರಿಯ ಅಂತರ ಮಾತ್ರ. ಆಗ ಉಳಿತಾಯ ಶೇಕಡಾ 6ರ ಹತ್ತಿರ ಬರುತ್ತದೆ. ಎಲ್ಲರೂ ಹೇಳುವ 'ಡಿಗ್ರಿಗೆ ಶೇಕಡಾ ಆರು' ಎಂಬ ಮಾತಿನ ಹಿಂದಿರುವ ಲೆಕ್ಕ ಇಷ್ಟೇ.

ಈ ಶೇಕಡಾವಾರು ಲೆಕ್ಕವನ್ನು ಸ್ವಲ್ಪ ಎಚ್ಚರದಿಂದ ಬಳಸಬೇಕು. ಹೊರಗೆ 10 ಡಿಗ್ರಿಯ ಹಿತವಾದ ಹವೆ ಇದ್ದರೆ ಅದೇ ಒಂದು ಡಿಗ್ರಿಯಿಂದ ಶೇಕಡಾ 14 ಉಳಿದಂತೆ ಕಾಣುತ್ತದೆ. ಮೈನಸ್ 10 ಇದ್ದರೆ ಶೇಕಡಾ 4ನ್ನೂ ಮುಟ್ಟುವುದಿಲ್ಲ. ಆದರೆ ಉಳಿಯುವ ಶಾಖ ಎರಡೂ ದಿನ ಅದೇ 4.8 ಯೂನಿಟ್. ಕೊರೆಯುವ ಚಳಿಯಲ್ಲಿ ಯಂತ್ರದ ದಕ್ಷತೆ ಕುಸಿದಿರುವುದರಿಂದ ಅಷ್ಟೇ ಶಾಖಕ್ಕೆ ಹೆಚ್ಚು ವಿದ್ಯುತ್ ಬೇಕಾಗುತ್ತದೆ. ಹೀಗಾಗಿ ಶೇಕಡಾವಾರು ಕಡಿಮೆ ಕಾಣುವ ದಿನವೇ ಮೀಟರಿನಲ್ಲಿ ಹೆಚ್ಚು ಯೂನಿಟ್ ಉಳಿಯುತ್ತದೆ. ಒಂದು ಡಿಗ್ರಿ ಇಳಿಸಿ ಸ್ವೆಟರ್ ಹಾಕಿಕೊಳ್ಳುವ ಮನಸ್ಸಿದ್ದರೆ ಅತಿ ಚಳಿಯ ದಿನಗಳಲ್ಲೇ ಅದನ್ನು ಮಾಡುವುದು ಲಾಭಕರ.

ಇನ್ನು ಆ ದಕ್ಷತೆಯ ವಿಷಯ. ಹೀಟ್ ಪಂಪ್ ವಿದ್ಯುತ್ತನ್ನು ನೇರವಾಗಿ ಶಾಖವಾಗಿ ಮಾರ್ಪಡಿಸುವುದಿಲ್ಲ. ಹೊರಗಿನ ತಣ್ಣನೆಯ ಗಾಳಿಯಲ್ಲೂ ಇರುವ ಶಾಖವನ್ನು ಹೀರಿ, ಕಂಪ್ರೆಸರ್ ಮೂಲಕ ಮೇಲಿನ ತಾಪಮಾನಕ್ಕೆ ಎತ್ತಿ ಒಳಗೆ ಸುರಿಯುತ್ತದೆ. ಬಾವಿಯ ನೀರು ಕೆಳಗಿಳಿದಷ್ಟೂ ಅದೇ ಒಂದು ಕೊಡ ಸೇದಲು ಹೆಚ್ಚು ಶ್ರಮ ಬೀಳುವಂತೆ, ಹೊರಗಿನ ಗಾಳಿಗೂ ರೇಡಿಯೇಟರಿನ ನೀರಿಗೂ ನಡುವಿನ ಅಂತರ ಹೆಚ್ಚಿದಷ್ಟೂ ಒಂದು ಯೂನಿಟ್ ಶಾಖಕ್ಕೆ ಹೆಚ್ಚು ವಿದ್ಯುತ್ ಖರ್ಚಾಗುತ್ತದೆ. ಒಂದು ಯೂನಿಟ್ ವಿದ್ಯುತ್ತಿಗೆ ಎಷ್ಟು ಯೂನಿಟ್ ಶಾಖ ಸಿಗುತ್ತದೆ ಎಂಬ ಅನುಪಾತವನ್ನೇ ಸಿಒಪಿ ಎನ್ನುತ್ತಾರೆ. ಶಾಖವನ್ನು ಹೀಗೆ ಎತ್ತಿ ಕಟ್ಟಡಗಳನ್ನು ಬೆಚ್ಚಗಿಡಬಹುದೆಂದು ಲಾರ್ಡ್ ಕೆಲ್ವಿನ್ 1852ರಲ್ಲೇ ಸೂಚಿಸಿದ್ದರು. ತತ್ತ್ವ ಇಂದಿಗೂ ಅದೇ.

ಸಿಒಪಿಗೆ ಪ್ರಕೃತಿಯೇ ಹಾಕಿದ ಒಂದು ಮೇಲ್ಮಿತಿ ಇದೆ: ಬಿಸಿನೀರಿನ ತಾಪಮಾನವನ್ನು ಕೆಲ್ವಿನ್ ಮಾನದಲ್ಲಿ (ಅಂದರೆ ಡಿಗ್ರಿಗೆ 273 ಕೂಡಿಸಿ) ತೆಗೆದುಕೊಂಡು, ಎರಡು ತಾಪಮಾನಗಳ ಅಂತರದಿಂದ ಭಾಗಿಸಬೇಕು. ಹೊರಗೆ ಸೊನ್ನೆ ಡಿಗ್ರಿ, ನೀರು 35 ಡಿಗ್ರಿ ಇದ್ದರೆ 308ನ್ನು 35ರಿಂದ ಭಾಗಿಸಿದಾಗ 8.8 ಬರುತ್ತದೆ, ನೀರು 55 ಡಿಗ್ರಿ ಇದ್ದರೆ 328ನ್ನು 55ರಿಂದ ಭಾಗಿಸಿ ಸುಮಾರು 6. ನಿಜವಾದ ಯಂತ್ರಗಳು ಈ ಮಿತಿಯ ಅರ್ಧಕ್ಕಿಂತ ಸ್ವಲ್ಪ ಕೆಳಗೇ ನಿಲ್ಲುತ್ತವೆ. ಆದ್ದರಿಂದ 35 ಡಿಗ್ರಿಯ ನೀರಿಗೆ ಸುಮಾರು 4, 55 ಡಿಗ್ರಿಯ ನೀರಿಗೆ ಸುಮಾರು 2.7 ಎಂದು ಇಟ್ಟುಕೊಳ್ಳಬಹುದು. ನಮ್ಮ ಮಾದರಿ ಮನೆಯ 96 ಯೂನಿಟ್ ಶಾಖಕ್ಕೆ ಮೊದಲನೆಯ ಸಂದರ್ಭದಲ್ಲಿ ದಿನಕ್ಕೆ 24 ಯೂನಿಟ್ ವಿದ್ಯುತ್ ಸಾಕು, ಎರಡನೆಯದರಲ್ಲಿ 35 ಯೂನಿಟ್ಟಿಗೂ ಮೇಲೆ ಬೇಕು. ವ್ಯತ್ಯಾಸ 11 ಯೂನಿಟ್‌ಗಿಂತ ಹೆಚ್ಚು. ಕೋಣೆಯ ತಾಪಮಾನವನ್ನು ಒಂದು ಡಿಗ್ರಿ ಇಳಿಸಿದಾಗ ಉಳಿಯುವ 4.8 ಯೂನಿಟ್ ಶಾಖಕ್ಕೆ, ಸಿಒಪಿ 3.5 ಎಂದು ಹಿಡಿದರೆ, ವಿದ್ಯುತ್ತಿನ ಲೆಕ್ಕದಲ್ಲಿ ಸಿಗುವುದು 1.4 ಯೂನಿಟ್ ಮಾತ್ರ. ಅಂದರೆ ನೀರಿನ ತಾಪಮಾನವನ್ನು ಸರಿಪಡಿಸಿ ಪಡೆಯಬಹುದಾದ ಲಾಭವನ್ನು ಕೋಣೆಯ ತಾಪಮಾನದಿಂದಲೇ ಪಡೆಯಬೇಕೆಂದರೆ ಮನೆಯನ್ನು ಎಂಟು ಡಿಗ್ರಿ ತಣ್ಣಗೆ ಇಟ್ಟುಕೊಂಡು ನಡುಗಬೇಕಾಗುತ್ತದೆ.

ನಿಮ್ಮ ಮನೆಯಲ್ಲಿ ನೀರು ಎಷ್ಟು ಡಿಗ್ರಿಯಲ್ಲಿ ಹರಿಯುತ್ತಿದೆ ಎಂದು ನೀವು ಬರೆದಿಲ್ಲ. ಯಂತ್ರದ ಪರದೆಯಲ್ಲಿ ಅದು ಕಾಣುತ್ತದೆ, ಇಂದೇ ನೋಡಿ. ಹಳೆಯ ರೇಡಿಯೇಟರುಗಳಿಗೆ ಹೊಸ ಪಂಪ್ ಜೋಡಿಸುವಾಗ, ನಾಳೆ ಮನೆಯವರು ಚಳಿ ಎಂದು ದೂರಬಾರದೆಂಬ ಮುನ್ನೆಚ್ಚರಿಕೆಯಿಂದ, ಅಳವಡಿಸುವವರು ನೀರಿನ ತಾಪಮಾನವನ್ನು ಅಗತ್ಯಕ್ಕಿಂತ ಮೇಲೆ ಇಟ್ಟು ಹೋಗುವುದು ಬಹಳ ಸಾಮಾನ್ಯ. ಅವರ ದೃಷ್ಟಿಯಿಂದ ಅದು ಸರಿಯೇ. ವಿದ್ಯುತ್ ಬಿಲ್ ಅವರ ಹೆಸರಿಗೆ ಬರುವುದಿಲ್ಲವಲ್ಲ.

ಬಹುತೇಕ ಎಲ್ಲ ಹೀಟ್ ಪಂಪುಗಳಲ್ಲಿ ಹೀಟಿಂಗ್ ಕರ್ವ್ ಎಂಬ ವ್ಯವಸ್ಥೆ ಇರುತ್ತದೆ. ಹೊರಗೆ ಒಂದು ಸೆನ್ಸರ್ ಇದ್ದು, ಹೊರಗಿನ ಚಳಿ ಹೆಚ್ಚಿದಂತೆ ನೀರಿನ ತಾಪಮಾನವನ್ನು ಏರಿಸುತ್ತಾ, ಚಳಿ ಇಳಿದಂತೆ ಇಳಿಸುತ್ತಾ ಹೋಗುತ್ತದೆ. ಇದನ್ನು ಮನೆಗೆ ಹೊಂದಿಸುವ ಕೆಲಸ ಕಷ್ಟದ್ದಲ್ಲ, ಆದರೆ ತಾಳ್ಮೆ ಬೇಕು. ಎಲ್ಲ ಕೋಣೆಗಳ ರೇಡಿಯೇಟರ್ ವಾಲ್ವುಗಳನ್ನೂ ಪೂರ್ತಿ ತೆರೆಯಿರಿ, ಕೋಣೆಯ ಥರ್ಮೋಸ್ಟಾಟ್ ಪಂಪನ್ನು ಮಧ್ಯೆ ನಿಲ್ಲಿಸದಷ್ಟು ಮೇಲಿರಲಿ, ಆಮೇಲೆ ಕರ್ವನ್ನು ಎರಡು ಡಿಗ್ರಿ ಇಳಿಸಿ ಎರಡು ದಿನ ಕಾಯಿರಿ. ಮನೆ ಇನ್ನೂ ಬೆಚ್ಚಗಿದ್ದರೆ ಮತ್ತೆ ಇಳಿಸಿ. ಎಲ್ಲಕ್ಕಿಂತ ತಣ್ಣಗಿರುವ, ನೀವು ನಿಜವಾಗಿ ಬಳಸುವ ಕೋಣೆ ಇನ್ನು ಸಾಲದು ಎನ್ನುವ ಹಂತ ಮುಟ್ಟಿದಾಗ ಒಂದು ಮೆಟ್ಟಿಲು ಹಿಂದಕ್ಕೆ ಬನ್ನಿ. ಹಿತವಾದ ಹವೆಯಲ್ಲಿ ಮನೆ ತಣ್ಣಗಿದ್ದು ಕಡುಚಳಿಯಲ್ಲಿ ಸರಿಯಾಗಿದ್ದರೆ ಕರ್ವಿನ ಮಟ್ಟವನ್ನು ಏರಿಸಿ ಅದರ ಇಳಿಜಾರನ್ನು, ಎಂದರೆ ಚಳಿ ಹೆಚ್ಚಿದಂತೆ ನೀರಿನ ತಾಪಮಾನ ಏರುವ ಪ್ರಮಾಣವನ್ನು, ಕಡಿಮೆ ಮಾಡಬೇಕು. ಕಡುಚಳಿಯಲ್ಲಿ ಮಾತ್ರ ಸಾಲದೆ ಹೋದರೆ ಇಳಿಜಾರನ್ನೇ ಹೆಚ್ಚಿಸಬೇಕು. ಹೀಗೆ ಹೊಂದಿಸಿದ ಮನೆಯಲ್ಲಿ ರೇಡಿಯೇಟರನ್ನು ಮುಟ್ಟಿದರೆ ಬಿಸಿ ಎನಿಸುವುದಿಲ್ಲ, ಉಗುರುಬೆಚ್ಚಗೆ ಅಷ್ಟೇ ಇರುತ್ತದೆ. ಬಾಯ್ಲರಿಗೆ ಒಗ್ಗಿಹೋದವರು ಇದನ್ನು ಕಂಡು ಯಂತ್ರ ಕೆಟ್ಟಿದೆ ಎಂದುಕೊಳ್ಳುವುದುಂಟು.

ಕೋಣೆಯ ಡಿಗ್ರಿಗೂ ನೀರಿನ ಡಿಗ್ರಿಗೂ ಇರುವ ನಂಟು ಇಲ್ಲಿ ಸ್ಪಷ್ಟವಾಗುತ್ತದೆ. ಕೋಣೆ ಒಂದು ಡಿಗ್ರಿ ಕಡಿಮೆ ಬೆಚ್ಚಗಿದ್ದರೆ ಸಾಕು ಎಂದಾದರೆ, ಅದಕ್ಕೆ ಬೇಕಾಗುವ ನೀರು ಸುಮಾರು ಎರಡು ಡಿಗ್ರಿ ಕಡಿಮೆ ಬಿಸಿಯಿದ್ದರೆ ಸಾಕಾಗುತ್ತದೆ. ನೀರಿನ ಪ್ರತಿ ಡಿಗ್ರಿಗೂ ಸುಮಾರು ಶೇಕಡಾ 2ರಷ್ಟು ವಿದ್ಯುತ್ ಉಳಿಯುತ್ತದೆ. ಸೋರುವ ಶಾಖದಲ್ಲಿ ಉಳಿದ ಶೇಕಡಾ 5 ಅಥವಾ 6ಕ್ಕೆ ಇದರ ಶೇಕಡಾ 3 ಅಥವಾ 4 ಸೇರಿ, ಒಂದು ಡಿಗ್ರಿಯ ಒಟ್ಟು ಬೆಲೆ ಶೇಕಡಾ 9ರ ಆಸುಪಾಸಿಗೆ ಬರುತ್ತದೆ. ಆದರೆ ಈ ಎರಡನೆಯ ಪಾಲು ಸಿಗುವುದು ಕರ್ವನ್ನೇ ಇಳಿಸಿದಾಗ ಮಾತ್ರ. ಗೋಡೆಯ ಥರ್ಮೋಸ್ಟಾಟನ್ನೋ ರೇಡಿಯೇಟರಿನ ವಾಲ್ವನ್ನೋ ತಿರುಗಿಸಿ ಒಂದು ಡಿಗ್ರಿ ಕಡಿಮೆ ಮಾಡಿದರೆ, ಪಂಪ್ ಮೊದಲಿನಷ್ಟೇ ಬಿಸಿಯಾದ ನೀರನ್ನು ತಯಾರಿಸಿ, ನಡುನಡುವೆ ನಿಂತು ಮತ್ತೆ ಶುರುವಾಗುತ್ತಾ ಹೋಗುತ್ತದೆ. ಕೋಣೆಯಲ್ಲಿ ಒಂದೇ ಫಲಿತಾಂಶ ಕಂಡರೂ ಮೀಟರಿನಲ್ಲಿ ಎರಡು ಬೇರೆ ಸಂಖ್ಯೆಗಳು ಬರುವುದು ಹೀಗೆ.

ನೀವು ಮುಚ್ಚಿರುವ ಎರಡು ಕೋಣೆಗಳ ಪ್ರಶ್ನೆಗೂ ಇದೇ ಉತ್ತರ. ರೇಡಿಯೇಟರ್ ಹೊರಸೂಸುವ ಶಾಖವು ಅದರ ಮತ್ತು ಕೋಣೆಯ ತಾಪಮಾನಗಳ ಅಂತರ ಇಳಿದಂತೆ ಇನ್ನೂ ವೇಗವಾಗಿ ಇಳಿಯುತ್ತದೆ: 50 ಡಿಗ್ರಿ ಅಂತರದಲ್ಲಿ ಕೊಡುವ ಶಾಖದ ಅರ್ಧದಷ್ಟನ್ನು ಮಾತ್ರ ಅದು 30 ಡಿಗ್ರಿ ಅಂತರದಲ್ಲಿ ಕೊಡುತ್ತದೆ, 20 ಡಿಗ್ರಿಯಲ್ಲಿ ಸುಮಾರು ಶೇಕಡಾ 30ನ್ನು. ಕಡಿಮೆ ಬಿಸಿಯ ನೀರಿನಿಂದ ಮನೆ ಬೆಚ್ಚಗಾಗಬೇಕಾದರೆ ಸಾಧ್ಯವಾದಷ್ಟು ಹೆಚ್ಚು ರೇಡಿಯೇಟರುಗಳು ಕೆಲಸದಲ್ಲಿರಬೇಕು. ಎರಡನ್ನು ಮುಚ್ಚಿದರೆ ಉಳಿದವು ಹೆಚ್ಚು ಬಿಸಿಯಾಗಬೇಕು. ಒಳಗಿನ ಗೋಡೆಗಳಿಗೆ ಶಾಖ ತಡೆಯುವ ಹೊದಿಕೆ ಇರುವುದಿಲ್ಲವಾದ್ದರಿಂದ ಮುಚ್ಚಿದ ಕೋಣೆಗಳು ಹೇಗೂ ಪಕ್ಕದ ಕೋಣೆಗಳಿಂದ ಶಾಖ ಎಳೆದುಕೊಳ್ಳುತ್ತವೆ. ಹರಿಯುವ ನೀರು ಕಡಿಮೆಯಾದಾಗ, ಹಿತವಾದ ಹವೆಯಲ್ಲಿ ಪಂಪ್ ತನ್ನ ಕನಿಷ್ಠ ಸಾಮರ್ಥ್ಯಕ್ಕಿಂತ ಕೆಳಗೆ ಓಡಲಾಗದೆ ಪದೇಪದೇ ನಿಂತು ಶುರುವಾಗುವ ತೊಂದರೆಯೂ ಇದೆ. ಇದರ ಜೊತೆಗೆ ಬೂಸ್ಟು. 20 ಡಿಗ್ರಿಯಲ್ಲಿ ಶೇಕಡಾ 50 ತೇವಾಂಶ ಇರುವ ಮನೆಯ ಗಾಳಿ 12.6 ಡಿಗ್ರಿಗಿಂತ ತಣ್ಣಗಿರುವ ಗೋಡೆಯನ್ನು ತಾಗಿದರೆ, ಆ ಗೋಡೆಯ ಮೈಯಲ್ಲಿ ತೇವಾಂಶ ಶೇಕಡಾ 80 ದಾಟುತ್ತದೆ. ಬೂಸ್ಟು ಬೆಳೆಯಲು ಅಷ್ಟು ಸಾಕು. ಮುಚ್ಚಿದ ಕೋಣೆಯ ಹೊರಗೋಡೆಯ ಮೂಲೆ, ಬೀರುವಿನ ಹಿಂಬದಿ ಮೊದಲು ಕಪ್ಪಾಗುವ ಜಾಗಗಳು. ಆ ಕೋಣೆಗಳು ಉಳಿದವುಗಳಿಗಿಂತ ಎರಡು ಡಿಗ್ರಿ ತಣ್ಣಗಿದ್ದರೆ ಅಡ್ಡಿಯಿಲ್ಲ, ಪೂರ್ತಿ ಮುಚ್ಚುವುದು ಬೇಡ.

ಈಗ ರಾತ್ರಿಯ ವಿಷಯ. ಇಲ್ಲಿ ಜನರ ನಡುವೆ ವಾದ ಮುಗಿಯುವುದೇ ಇಲ್ಲ, ಏಕೆಂದರೆ ಇಳಿಸಬೇಕೆನ್ನುವವರೂ ಬೇಡವೆನ್ನುವವರೂ ಅರ್ಧ ಸರಿ. ರಾತ್ರಿ ಮನೆ ತಣ್ಣಗಾದರೆ ಸೋರುವ ಶಾಖ ಕಡಿಮೆಯಾಗುವುದು ನಿಜ. ಬೆಳಿಗ್ಗೆ ಮತ್ತೆ ಬಿಸಿ ಮಾಡುವಾಗ ಉಳಿಸಿದ್ದೆಲ್ಲ ಖರ್ಚಾಗುತ್ತದೆ ಎಂಬ ಮಾತು, ಶಾಖದ ಮಟ್ಟಿಗೆ, ತಪ್ಪು. ಆದರೆ ಉಳಿಯುವ ಶಾಖ ಎಷ್ಟು, ಅದನ್ನು ಮರಳಿ ತುಂಬುವ ರೀತಿ ಯಾವುದು ಎಂದು ನೋಡಬೇಕು.

ಅದೇ ಮಾದರಿ ಮನೆಯನ್ನು ತೆಗೆದುಕೊಳ್ಳಿ. ಅದರ ಗೋಡೆ, ನೆಲ, ಸಾಮಾನುಗಳೆಲ್ಲ ಸೇರಿ ಒಂದು ಡಿಗ್ರಿ ಏರಲು 10 ಯೂನಿಟ್ ಶಾಖ ಹಿಡಿಯುತ್ತವೆ ಎಂದಿರಲಿ. ಹೊರಗೆ ಸೊನ್ನೆ ಡಿಗ್ರಿ ಇದ್ದು, 20 ಡಿಗ್ರಿಯಲ್ಲಿದ್ದ ಮನೆಯಲ್ಲಿ ರಾತ್ರಿ ಎಂಟು ಗಂಟೆ ಕಾಲ ಪಂಪ್ ಪೂರ್ತಿ ನಿಂತರೆ ಒಳಗಿನ ತಾಪಮಾನ ಸುಮಾರು 17ಕ್ಕೆ ಇಳಿಯುತ್ತದೆ. ಬೆಳಿಗ್ಗೆ ಮೂರು ಗಂಟೆಗಳಲ್ಲಿ ಮತ್ತೆ 20ಕ್ಕೆ ತಂದಿರಿ ಎನ್ನೋಣ. ಈ ಹನ್ನೊಂದು ಗಂಟೆಗಳಲ್ಲಿ ಮನೆ ಸರಾಸರಿ ಒಂದೂವರೆ ಡಿಗ್ರಿ ತಣ್ಣಗಿದ್ದುದರಿಂದ ಉಳಿದ ಶಾಖ 3.3 ಯೂನಿಟ್. ಸಿಒಪಿ 3.5 ಇದ್ದರೆ ವಿದ್ಯುತ್ತಿನಲ್ಲಿ ಅದು 0.94 ಯೂನಿಟ್, ಒಂದು ಯೂನಿಟ್ ಕೂಡ ಪೂರ್ತಿ ಇಲ್ಲ.

ಇನ್ನು ಮರಳಿ ತುಂಬುವ ಖರ್ಚು ನೋಡಿ. ಮೂರು ಗಂಟೆಗಳಲ್ಲಿ ಮೂರು ಡಿಗ್ರಿ ಏರಿಸಲು 30 ಯೂನಿಟ್ ಶಾಖ ಬೇಕು, ಅಂದರೆ 10 ಕಿಲೋವ್ಯಾಟ್. ಅದೇ ಹೊತ್ತಿನಲ್ಲಿ ಸೋರುತ್ತಲೇ ಇರುವ 3.7 ಕಿಲೋವ್ಯಾಟ್ ಬೇರೆ. ಇಂಥ ಮನೆಗೆ ಹಾಕುವ ಪಂಪಿನ ಸಾಮರ್ಥ್ಯ ಆರರಿಂದ ಎಂಟು ಕಿಲೋವ್ಯಾಟ್ ಇರುತ್ತದೆ. ಸಾಲದ ಭಾಗವನ್ನು ತುಂಬಲು ಯಂತ್ರ ತನ್ನೊಳಗಿನ ಸಹಾಯಕ ಹೀಟರ್ ಕಾಯಿಲನ್ನು ಚಾಲೂ ಮಾಡುತ್ತದೆ. ಆ ಕಾಯಿಲಿನ ಸಿಒಪಿ ಕೇವಲ 1: ಒಂದು ಯೂನಿಟ್ ಶಾಖಕ್ಕೆ ಒಂದು ಯೂನಿಟ್ ವಿದ್ಯುತ್. ಮೂರು ಕಿಲೋವ್ಯಾಟಿನ ಕಾಯಿಲ್ ಅರ್ಧ ಗಂಟೆಗಿಂತಲೂ ಕಡಿಮೆ ಹೊತ್ತು ಉರಿದರೆ ಸಾಕು, ರಾತ್ರಿಯಿಡೀ ಉಳಿಸಿದ್ದೆಲ್ಲ ಹೋಗಿಬಿಡುತ್ತದೆ. ಕಾಯಿಲ್ ಚಾಲೂ ಆಗದಿದ್ದರೂ ನೀರನ್ನು ಎಂದಿಗಿಂತ ಹೆಚ್ಚು ಬಿಸಿ ಮಾಡಬೇಕಾಗುತ್ತದೆ, ಕಂಪ್ರೆಸರ್ ಪೂರ್ಣ ವೇಗದಲ್ಲಿ ಓಡಬೇಕಾಗುತ್ತದೆ. ವೇಗವನ್ನು ಬೇಕಾದಂತೆ ಏರಿಳಿಸಬಲ್ಲ ಇನ್ವರ್ಟರ್ ಕಂಪ್ರೆಸರುಗಳು ಚೆನ್ನಾಗಿ ಕೆಲಸ ಮಾಡುವುದು ನಿಧಾನವಾಗಿ ಓಡುವಾಗಲೇ. ಇದೆಲ್ಲ ನಡೆಯುವುದು ಬೆಳಗಿನ ಜಾವದಲ್ಲಿ, ಹೊರಗಿನ ಗಾಳಿ ದಿನದಲ್ಲೇ ಅತ್ಯಂತ ತಣ್ಣಗಿರುವ ಹೊತ್ತಿನಲ್ಲಿ. ಹವೆ ಸೊನ್ನೆಯ ಆಸುಪಾಸಿನಲ್ಲಿದ್ದು ತೇವವಾಗಿದ್ದರೆ ಹೊರಗಿನ ಘಟಕದ ಮೇಲೆ ಹಿಮ ಕಟ್ಟುತ್ತದೆ. ಅದನ್ನು ಕರಗಿಸಲು ಯಂತ್ರ ಆಗಾಗ ಹಿಮ್ಮುಖವಾಗಿ ಓಡಿ ಮನೆಯ ಶಾಖವನ್ನೇ ಹೊರಗೆ ಒಯ್ಯುತ್ತದೆ.

ಆದ್ದರಿಂದ ನಿಮ್ಮ ಮನೆಯಲ್ಲಿ ಐದು ಡಿಗ್ರಿ ಇಳಿಸುವುದನ್ನು ಕೈಬಿಡಿ. ತಣ್ಣನೆಯ ಕೋಣೆಯಲ್ಲಿ ಚೆನ್ನಾಗಿ ನಿದ್ದೆ ಬರುತ್ತದೆ ಎನ್ನುವುದಾದರೆ ಒಂದು, ಹೆಚ್ಚೆಂದರೆ ಎರಡು ಡಿಗ್ರಿ ಇಳಿಸಿ, ಏಳುವುದಕ್ಕೆ ಕೆಲವು ಗಂಟೆ ಮೊದಲೇ ನಿಧಾನವಾಗಿ ಏರತೊಡಗುವಂತೆ ವೇಳೆ ಹೊಂದಿಸಿ. ನಾಲ್ಕಾರು ದಿನ ಊರಿಗೆ ಹೋಗುವಾಗ 15 ಅಥವಾ 16ಕ್ಕೆ ಇಳಿಸುವುದು ಖಂಡಿತ ಲಾಭ. ಅಷ್ಟು ದೀರ್ಘ ಕಾಲದ ಉಳಿತಾಯದ ಮುಂದೆ ಮರಳಿ ಬಿಸಿ ಮಾಡುವ ಖರ್ಚು ಸಣ್ಣದು. ತೆಳು ಗೋಡೆಯ, ಬೇಗ ತಣ್ಣಗಾಗಿ ಬೇಗ ಬಿಸಿಯಾಗುವ ಮನೆಗಳಲ್ಲಿ ರಾತ್ರಿಯ ಇಳಿಕೆಯೂ ಸ್ವಲ್ಪ ಉಪಯೋಗಕ್ಕೆ ಬರುತ್ತದೆ. ಒಟ್ಟಿನಲ್ಲಿ ಸಹಾಯಕ ಕಾಯಿಲ್ ಎಷ್ಟು ಗಂಟೆ ಓಡಿದೆ ಎಂಬ ಅಂಕಿಯನ್ನು ಯಂತ್ರದ ಮೆನುವಿನಲ್ಲಿ ಹುಡುಕಿ ನೋಡಿ. ಸಾಧಾರಣ ಚಳಿಯ ದಿನಗಳಲ್ಲೂ ಆ ಅಂಕಿ ಏರುತ್ತಿದ್ದರೆ, ನಿಮ್ಮ ಉಳಿತಾಯ ಎಲ್ಲಿ ಸೋರುತ್ತಿದೆ ಎಂದು ಬೇರೆ ಕಡೆ ಹುಡುಕಬೇಕಾಗಿಲ್ಲ. ನಿಮ್ಮಲ್ಲಿ ವಿದ್ಯುತ್ ದರ ಹೊತ್ತಿನಿಂದ ಹೊತ್ತಿಗೆ ಬದಲಾಗುವುದಾದರೆ ಮಾತ್ರ ಲೆಕ್ಕ ಬೇರೆ: ಅಗ್ಗದ ಹೊತ್ತಿನಲ್ಲಿ ಮನೆಯನ್ನು ಒಂದು ಡಿಗ್ರಿ ಹೆಚ್ಚು ಬೆಚ್ಚಗಾಗಿಸಿ ದುಬಾರಿ ಹೊತ್ತನ್ನು ದಾಟಬಹುದು. ಆ ಅಗ್ಗದ ಹೊತ್ತು ಮಧ್ಯಾಹ್ನವಾಗಿದ್ದರೆ, ಹೊರಗಿನ ಗಾಳಿಯೂ ಬೆಚ್ಚಗಿರುವುದರಿಂದ, ಇಮ್ಮಡಿ ಅನುಕೂಲ.

ಹಗಲಿನ 22 ಡಿಗ್ರಿ ಬೇಕೇ ಎಂಬುದು ಅಭಿರುಚಿಯ ವಿಷಯ. ನಾನು ತೀರ್ಪು ಕೊಡುವುದಿಲ್ಲ. ಒಂದು ಮಾತು ಮಾತ್ರ. ಮೈಗೆ ತಟ್ಟುವ ಬಿಸುಪು ಗಾಳಿಯದ್ದಷ್ಟೇ ಅಲ್ಲ, ಸುತ್ತಲಿನ ಗೋಡೆ, ಕಿಟಕಿ, ನೆಲಗಳದ್ದೂ ಹೌದು. ಹೆಚ್ಚುಕಡಿಮೆ ಎರಡರ ಸರಾಸರಿ. ಗಾಳಿ 22 ಇದ್ದು ಸುತ್ತಲಿನ ಮೈಗಳ ಸರಾಸರಿ 16 ಇದ್ದರೆ ನಮಗೆ ಅನ್ನಿಸುವುದು 19ರ ಹತ್ತಿರ. ದಿನವಿಡೀ ಹದವಾಗಿ ಬೆಚ್ಚಗಿದ್ದ ಗೋಡೆಗಳ ನಡುವೆ 20 ಡಿಗ್ರಿಯ ಗಾಳಿ ಸಾಕೆನ್ನಿಸುವುದು ಇದರಿಂದಲೇ. ರಾತ್ರಿಯಿಡೀ ತಣ್ಣಗಾದ ಗೋಡೆಗಳ ನಡುವೆ ಬೆಳಿಗ್ಗೆ ಥರ್ಮೋಸ್ಟಾಟ್ 22 ತೋರಿಸಿದರೂ ಮೈ ಜುಮ್ಮೆನ್ನುತ್ತದೆ, ಕೈ ತಾನಾಗಿ 23ರತ್ತ ಹೋಗುತ್ತದೆ. ಇಳಿಸುವುದಕ್ಕೂ ಒಂದು ತಳ ಇದೆ: ಚಳಿಗಾಲದಲ್ಲಿ ವಾಸದ ಮನೆಯ ಒಳಗೆ ಕನಿಷ್ಠ 18 ಡಿಗ್ರಿ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರ ಮಾರ್ಗಸೂಚಿಯಲ್ಲಿ ಹೇಳಿದೆ, ವಯಸ್ಸಾದವರು, ಎಳೆಯ ಮಕ್ಕಳು, ಉಸಿರಾಟದ ತೊಂದರೆ ಇರುವವರು ಇದ್ದರೆ ಅದಕ್ಕಿಂತ ಮೇಲೆಯೇ ಇಡಬೇಕು.

ಬೇಸಿಗೆಯ ಎಸಿಯೂ ಹೀಟ್ ಪಂಪೇ, ದಿಕ್ಕು ಮಾತ್ರ ಬೇರೆ. ಹೊರಗೆ 35, ಒಳಗೆ 24 ಇದ್ದರೆ ಅಂತರ 11 ಡಿಗ್ರಿ. ಗೋಡೆಗಳ ಮೂಲಕ ಒಳಬರುವ ಶಾಖದ ಮಟ್ಟಿಗೆ ಒಂದು ಡಿಗ್ರಿಗೆ ಶೇಕಡಾ 9. ಕಿಟಕಿಯ ಗಾಜಿನಿಂದ ಬರುವ ಬಿಸಿಲು ನೀವು ಎಷ್ಟು ಡಿಗ್ರಿ ಇಟ್ಟರೂ ಕಡಿಮೆಯಾಗುವುದಿಲ್ಲವಾದ್ದರಿಂದ ಒಟ್ಟು ಉಳಿತಾಯ ಅದಕ್ಕಿಂತ ಕೆಳಗಿರುತ್ತದೆ. ಬಿಸಿಲನ್ನು ಗಾಜಿನ ಹೊರಗೇ ತಡೆಯುವುದು ಡಿಗ್ರಿ ಏರಿಸುವುದಕ್ಕಿಂತ ಮೇಲು. ಫ್ಯಾನ್ ಹಾಕಿಕೊಂಡರೆ ಸುಮಾರು ಎರಡು ಡಿಗ್ರಿ ಹೆಚ್ಚಿಗೆ ಇಟ್ಟರೂ ಅಷ್ಟೇ ಹಿತವೆನಿಸುತ್ತದೆ, ಅದಕ್ಕೆ ತಗಲುವುದು ಕೆಲವು ಹತ್ತು ವ್ಯಾಟ್. ಬೇಗ ತಂಪಾಗಲೆಂದು 18ಕ್ಕೆ ಇಡುವುದರಿಂದ ಪ್ರಯೋಜನವಿಲ್ಲ; 24ಕ್ಕೆ ಇಟ್ಟರೂ ಕಾದ ಕೋಣೆಯಲ್ಲಿ ಯಂತ್ರ ಮೊದಲು ತನ್ನ ಪೂರ್ಣ ಬಲದಲ್ಲೇ ಓಡುತ್ತದೆ, ವ್ಯತ್ಯಾಸವೆಂದರೆ 18ರಲ್ಲಿ ಅದು ನಿಲ್ಲುವುದನ್ನು ಮರೆಯುತ್ತದೆ.

ಇಷ್ಟೆಲ್ಲ ಬದಲಾವಣೆಗಳಿಂದ ಲಾಭವಾಯಿತೇ ಎಂದು ತಿಳಿಯಲು ತಿಂಗಳ ಬಿಲ್ಲನ್ನು ಹೋಲಿಸಬೇಡಿ, ಏಕೆಂದರೆ ಎರಡು ತಿಂಗಳ ಚಳಿ ಒಂದೇ ಇರುವುದಿಲ್ಲ. ಪ್ರತಿದಿನದ ಹೊರಗಿನ ಸರಾಸರಿ ತಾಪಮಾನವನ್ನು 17ರಿಂದ (20ರಲ್ಲಿ ಬಿಟ್ಟಿಯಾಗಿ ಸಿಗುವ ಮೂರು ಡಿಗ್ರಿ ಬಿಟ್ಟು ಉಳಿಯುವುದು) ಕಳೆದು, ವಾರದ ಏಳು ಸಂಖ್ಯೆಗಳನ್ನು ಕೂಡಿಸಿ. ವಾರದ ಯೂನಿಟ್‌ಗಳನ್ನು ಆ ಮೊತ್ತದಿಂದ ಭಾಗಿಸಿ. ಒಂದು ವಾರ ಮೊತ್ತ 84 ಇದ್ದು 180 ಯೂನಿಟ್ ಬಳಸಿದ್ದರೆ ಫಲ 2.14. ಕರ್ವ್ ಇಳಿಸಿದ ಮೇಲಿನ ವಾರ ಚಳಿ ಹೆಚ್ಚಿ ಮೊತ್ತ 105 ಆಗಿ 200 ಯೂನಿಟ್ ಬಳಸಿದ್ದರೆ ಫಲ 1.90. ಮೀಟರ್ ಹೆಚ್ಚು ಓಡಿದ್ದರೂ ನೀವು ಶೇಕಡಾ 11 ಗೆದ್ದಿದ್ದೀರಿ. ಒಂದು ವಾರದಲ್ಲಿ ಒಂದೇ ಬಗೆಯ ಬದಲಾವಣೆ ಮಾಡಿ; ಮೊದಲು ಮುಚ್ಚಿದ ಕೋಣೆಗಳನ್ನು ತೆರೆಯಿರಿ, ಆಮೇಲೆ ರಾತ್ರಿಯ ಇಳಿಕೆ ಬಿಡಿ, ಕೊನೆಗೆ ಕರ್ವನ್ನು ಇಳಿಸುತ್ತಾ ಬನ್ನಿ. ಸ್ನಾನದ ನೀರಿಗೆ ತಗಲುವ ವಿದ್ಯುತ್ತನ್ನು ಈ ಲೆಕ್ಕದಿಂದ ಹೊರಗಿಡಿ. ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯದಂತೆ ಟ್ಯಾಂಕಿನ ನೀರನ್ನು ನಿಗದಿತ ದಿನ 60 ಡಿಗ್ರಿಗೆ ಕಾಯಿಸುವ ವ್ಯವಸ್ಥೆ ನಿಮ್ಮ ಯಂತ್ರದಲ್ಲಿದ್ದರೆ ಉಳಿತಾಯದ ಹೆಸರಿನಲ್ಲಿ ಅದನ್ನು ನಿಲ್ಲಿಸಬೇಡಿ; ಆ ದಿನ ಸಹಾಯಕ ಕಾಯಿಲ್ ಓಡಿದ್ದು ಕಂಡರೂ ಗಾಬರಿ ಬೇಕಿಲ್ಲ.